ಸೂರ್ಯನ ಗುಡಿಗೆ ಅತ್ತೆಯ ಹರಕೆ

ನನ್ನ ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದು ಅಹಮದಾಬಾದಿನಲ್ಲಿ. ಗದಗಿನಲ್ಲಿ ಡಾಕ್ಟರುಗಳಿರಲಿಲ್ಲ ಎಂದಲ್ಲ. ಅಲ್ಲಿ ನನ್ನ ಮೈದುನನ ಮನೆಯಲ್ಲಿ ಆಗಷ್ಟೇ ಮಗು ಹುಟ್ಟಿತ್ತು. ಬಾಣಂತಿಯೊಬ್ಬಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರೊಬ್ಬರು, ಇಬ್ಬರ ಆರೈಕೆ ಒಂದೇ ಮನೆಯಲ್ಲಿ ಆಗುವುದಿಲ್ಲವೆಂದು ಅತ್ತೆ ರೈಲು ಹತ್ತಿ ಅಹಮದಾಬಾದಿನ ನವರಂಗಪುರದಲ್ಲಿರುವ ನಮ್ಮ ಮನೆಗೆ ಬಂದರು.

ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಮೊದಲು ವಡೋದರಾದ ಫತೇಗಂಜಿಗೆ, ಆಮೇಲೆ ಸೂರತ್ತಿಗೆ, ಕೊನೆಗೆ ಇಲ್ಲಿಗೆ ಬಂದು ನಿಂತಿದ್ದೇವೆ. ಮಗಳು ಈ ಮೂರು ಊರುಗಳಲ್ಲೇ ಬೆಳೆದವಳು. ಅವಳ ಕನ್ನಡ ಅಡುಗೆಮನೆಯಿಂದ ಹೊರಟು ಬಾಗಿಲ ತನಕ ಬರುವಷ್ಟರಲ್ಲಿ ಗುಜರಾತಿ ಆಗಿರುತ್ತದೆ. ನಾನು ಮೈಸೂರಿನ ಕಡೆಯವಳು, ಅತ್ತೆ ಗದಗಿನವರು. ಹಾಗಾಗಿ ನಮ್ಮ ಮೂವರ ಮಾತು ಕೇಳಿದ ಕೆಳಮನೆಯವರು, ನಾವು ಮೂರು ಬೇರೆ ಬೇರೆ ಭಾಷೆಯವರು ಎಂದೇ ತಿಳಿದಿದ್ದರು.

ಆಪರೇಷನ್ ಸಲೀಸಾಗಿ ಆಯಿತು. ಕಷ್ಟ ಶುರುವಾದದ್ದು ಪಟ್ಟಿ ಬಿಚ್ಚಿದ ಮೇಲೆ. ಅತ್ತೆ ಮೊದಲು ನನ್ನ ಮುಖ ನೋಡಿದರು.

"ಅಯ್ಯ, ನಿನಗ ಇಷ್ಟು ಬಿಳಿಗೂದಲ ಯಾವಾಗ ಬಂದ್ವು?"

ಆಮೇಲೆ ಫ್ಯಾನು ನೋಡಿದರು, ಕಿಟಕಿಯ ಸಂದಿ ನೋಡಿದರು, ಮಿಕ್ಸರಿನ ಹಿಂಭಾಗ ನೋಡಿದರು. "ಇಷ್ಟ ದಿನ ಈ ಮನಿ ಭಾಳ ಸ್ವಚ್ಛ ಅದ ಅಂತ ತಿಳದಿದ್ದೆ" ಎಂದು ನಿಟ್ಟುಸಿರು ಬಿಟ್ಟರು. ಡಾಕ್ಟರರ ಕೈಗುಣದ ಬಗ್ಗೆ ನನಗೆ ಆವತ್ತು ಅಂಥ ಗೌರವವೇನೂ ಉಳಿಯಲಿಲ್ಲ.

ಒಂದು ತಿಂಗಳಾದ ಮೇಲೆ, ಚಹಾ ಕುಡಿಯುತ್ತ, ಹರಕೆಯ ವಿಷಯ ತೆಗೆದರು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದಾಗ ಹೆದರಿಕೆಯಾಗಿ, ಕಣ್ಣು ಬಂದರೆ ಸೂರ್ಯನಾರಾಯಣನ ಗುಡಿಗೆ ಬಂದು ಕಾಯಿ ಒಡೆಸುತ್ತೇನೆ ಎಂದು ಬೇಡಿಕೊಂಡಿದ್ದರಂತೆ. ಇಲ್ಲಿ ಎಲ್ಲೋ ಸೂರ್ಯನ ಗುಡಿ ಇದೆಯಂತಲ್ಲ ಎಂದರು. ಮೊಢೇರಾದಲ್ಲಿದೆ, ಕಾರಿನಲ್ಲಿ ಎರಡು ಗಂಟೆಯ ದಾರಿ, ಹಾಗೇ ಪಾಟಣದ ರಾಣಿಯ ಬಾವಿಯನ್ನೂ ನೋಡಿ ಬರಬಹುದು ಎಂದೆ. ಅಲ್ಲಿ ಪೂಜೆ ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಅಲ್ಲಿ ಹೋದ ಮೇಲೆ ತಾನಾಗಿ ತಿಳಿಯುತ್ತದೆ ಎಂದು ಬಿಟ್ಟೆ. ಅದು ನನ್ನ ತಪ್ಪು.

ಮಾರ್ಚಿನ ಒಂದು ಭಾನುವಾರ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ನನ್ನ ಗಂಡನಿಗೆ ಅವತ್ತು ಬೆಳಿಗ್ಗೆ ಇದ್ದಕ್ಕಿದ್ದಂತೆ ಆಫೀಸಿನಲ್ಲಿ ತುರ್ತು ಕೆಲಸ ಬಂತು. ತಾಯಿ, ಹೆಂಡತಿ, ಮಗಳು ಮೂವರೂ ಒಂದೇ ಕಾರಿನಲ್ಲಿ ಕೂರುವ ದಿನ ಅವರಿಗೆ ಇಂಥ ಕೆಲಸ ಬರುವುದುಂಟು. ಅತ್ತೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕೈಯಲ್ಲಿ ಚೀಲ. ಅದರಲ್ಲಿ ತೆಂಗಿನಕಾಯಿ, ಅರಿಶಿನ ಕುಂಕುಮ, ಕರ್ಪೂರ, ಬೆಂಕಿಪೊಟ್ಟಣ. ಒಂಬತ್ತು ಗಜದ ಸೀರೆಗೆ ಆ ಕನ್ನಡಕ ಸೇರಿ, ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನೊಬ್ಬ ಕೈಮುಗಿದುಬಿಟ್ಟ.

ಮೊಢೇರಾ ತಲುಪಿದಾಗ ಹತ್ತೂವರೆ. ನಾನು ಟಿಕೆಟ್ಟಿನ ಸಾಲಿನಲ್ಲಿ ನಿಂತೆ. ಮಗಳು ಫೋನು ನೋಡುತ್ತಿದ್ದಳು. ಅತ್ತೆ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ನೇರ ಗೇಟಿನ ಕಡೆ ನಡೆದರು. ಗೇಟಿನಲ್ಲಿದ್ದ ಕಾವಲುಗಾರ ದಪ್ಪ ಮೀಸೆಯ, ನಡುವಯಸ್ಸಿನ ಮನುಷ್ಯ. ಚೀಲದೊಳಗೆ ಇಣುಕಿ ನೋಡಿ ಮರ್ಯಾದೆಯಿಂದಲೇ ಏನೋ ಹೇಳಿದ. ಕಾಯಿ, ಬೆಂಕಿಪೊಟ್ಟಣ ಒಳಗೆ ಬಿಡುವುದಿಲ್ಲ ಎಂದಿರಬೇಕು. ಆದರೆ ಅವನ ಮಾತು ಶುರುವಾದದ್ದು "ಬಾ" ಎಂಬ ಶಬ್ದದಿಂದ. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ವಯಸ್ಸಾದ ಹೆಂಗಸರನ್ನು ಎಲ್ಲರೂ ಹಾಗೇ ಕರೆಯುತ್ತಾರೆ. ಅತ್ತೆಗೆ ಅರ್ಥವಾದದ್ದು ಅದೊಂದೇ ಶಬ್ದ, ಅದೂ ಕನ್ನಡದಲ್ಲಿ. ಅವರು ಒಳಗೆ ನಡೆದರು.

"ಬಾ! ಓ ಬಾ!" ಎಂದು ಅವನು ಕೂಗಿದ.

ಅತ್ತೆ ಹೆಜ್ಜೆ ಬಿರುಸು ಮಾಡಿದರು.

"ಬಾ! ಬಾ!"

"ಬಂದೆ, ಬಂದೆ" ಎಂದು ಅತ್ತೆ ಕೈ ಎತ್ತಿ ತೋರಿಸಿ ಮುಂದೆ ಹೋದರು. ಅಷ್ಟರಲ್ಲಿ ಒಂದು ಬಸ್ಸಿನ ತುಂಬ ಶಾಲೆಯ ಮಕ್ಕಳು ಬಂದು ಇಳಿದರು. ಅವನು ಗೇಟು ಬಿಟ್ಟು ಕದಲುವಂತಿರಲಿಲ್ಲ. ನಾನು ಟಿಕೆಟ್ಟು ಕಿತ್ತುಕೊಂಡು, ಚಪ್ಪಲಿ ಎತ್ತಿಕೊಂಡು, ಮಗಳ ಜೊತೆ ಹಿಂದೆ ಓಡಿದೆ.

ಸಿಕ್ಕಿದ್ದು ಕುಂಡದ ಹತ್ತಿರ. ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿಯುವ, ಮೆಟ್ಟಿಲ ನಡುನಡುವೆ ಪುಟ್ಟ ಪುಟ್ಟ ಗುಡಿಗಳಿರುವ ದೊಡ್ಡ ಕೊಳ ಅದು. ಅತ್ತೆ ಅದನ್ನು ನೋಡುತ್ತಿದ್ದರು ಎನ್ನುವುದಕ್ಕಿಂತ ಕಾದ ಕಲ್ಲಿನ ಮೇಲೆ ಒಂದೊಂದೇ ಕಾಲು ಎತ್ತುತ್ತಿದ್ದರು.

"ಅತ್ತೆ, ಚಪ್ಪಲಿ ಹಾಕ್ಕೊಳ್ಳಿ. ಇಲ್ಲಿ ಎಲ್ಲರೂ ಹಾಕ್ಕೊಂಡೇ ಹೋಗ್ತಾರೆ."

"ಗುಡಿಯೊಳಗ ಚಪ್ಪಲಿ? ನಿಮ್ಮ ಮೈಸೂರಾಗ ಹಂಗ ಇರಬಹುದು" ಎಂದರು. "ಮತ್ತ ಆ ಗೇಟಿನಾವ ನೋಡು. ನಾನೇನು ಅವನ ಮನಿ ಹುಡುಗಿ ಏನು, ಬಾ ಬಾ ಅನ್ಲಿಕ್ಕೆ? ಬರ್ರಿ ಅಂದ್ರ ಬಾಯಿ ನೋಯ್ತದೇನು?"

ನಾನು ವಿವರಿಸಲು ಹೊರಟೆ. ಅವರು ಆಗಲೇ ಕಂಬಗಳ ಮಂಟಪ ದಾಟಿ ಮುಖ್ಯ ಗುಡಿಯ ಹೊಸ್ತಿಲಲ್ಲಿದ್ದರು. ಒಳಗೆ ತಂಪು, ಕತ್ತಲೆ, ಬಾವಲಿಗಳ ವಾಸನೆ. ಗರ್ಭಗುಡಿಯ ಮುಂದೆ ಅತ್ತೆ ಕಾಯಿ ಹಿಡಿದು ನಿಂತರು. ಕಪ್ಪು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ನೋಡಿದರು. ಆಪರೇಷನ್ ಆದ ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರು, ಆಮೇಲೆ ಅದನ್ನು ಮುಚ್ಚಿ ಇದರಲ್ಲಿ.

"ನನಗ ದೇವರು ಕಾಣವಲ್ಲ" ಎಂದರು ಮೆಲ್ಲಗೆ.

ಫ್ಯಾನಿನ ಧೂಳು, ನನ್ನ ಬಿಳಿಗೂದಲು ಎಲ್ಲ ಕಂಡ ಕಣ್ಣು, ಹರಕೆ ಹೊತ್ತ ದೇವರ ಮುಂದೆ ಬಂದು ಕೈಕೊಟ್ಟಿತು ಎಂದು ಅವರು ನಿಜವಾಗಿಯೂ ತಿಳಿದುಕೊಂಡಿದ್ದರು. ನಾನು ಮನೆಯಲ್ಲೇ ಹೇಳಬೇಕಿತ್ತು.

ನನಗಿಂತ ಮೊದಲು ಮಗಳು ಅವರ ತೋಳು ಹಿಡಿದಳು. "ಅಜ್ಜಿ, ನಿನ್ನ ಕಣ್ಣು ಪರ್ಫೆಕ್ಟ್ ಇದೆ. ನಂಗೂ ಕಾಣಲ್ಲ. ಒಳಗೆ ದೇವ್ರೇ ಇಲ್ಲ. ಖಾಲಿ ಛೇ." ಖಾಲಿ ಇದೆ ಎನ್ನುವಷ್ಟರಲ್ಲಿ ಮಾತು ಗುಜರಾತಿಗೆ ಜಾರಿತ್ತು.

"ಇಲ್ಲ ಅಂದ್ರ?"

"ತುಂಬಾ ವರ್ಷ ಆಯ್ತು ಹೋಗಿ."

ಅತ್ತೆ ಒಂದು ಗಳಿಗೆ ಯೋಚಿಸಿದರು. "ಟ್ರಾನ್ಸ್‌ಫರ್ ಆಗ್ಯಾನೇನು? ನಿಮ್ಮಪ್ಪನ ಹಂಗ?"

ಮೂರ್ತಿ ನೂರಾರು ವರ್ಷಗಳ ಹಿಂದೆಯೇ ಹೋಯಿತು, ಪೂಜೆಯೂ ಆಗಲೇ ನಿಂತಿತು ಎಂದು ನಾನು ಹೇಳಿದೆ. "ಗೊತ್ತಿತ್ತೇನು ನಿನಗ?" ಎಂದು ಕೇಳಿದರು. ಹೂಂ ಎಂದೆ. ಅವರು ಬೈಯಲಿಲ್ಲ. ಮಂಟಪದ ಕಂಬಕ್ಕೆ ಒರಗಿ ಕೂತು, ಕಾಯಿಯನ್ನು ಮಡಿಲಲ್ಲಿಟ್ಟುಕೊಂಡರು. ಬೈದಿದ್ದರೆ ನನಗೆ ಹಿತವಾಗುತ್ತಿತ್ತು.

"ಸೂಜಿಗೆ ದಾರ ಪೋಣಿಸಿಕೊಡ್ರಿ ಅಂತ ಹತ್ತು ವರ್ಷದಿಂದ ಒಬ್ಬೊಬ್ಬರ ಮುಂದ ಹೋಗಿ ನಿಲ್ತಿದ್ದೆ" ಎಂದರು ಮೊಮ್ಮಗಳಿಗೆ. "ಮೊನ್ನೆ ನಾನ ಪೋಣಿಸಿದೆ. ಅದನ್ನ ಹೇಳಬೇಕಿತ್ತು ಅವಗ."

ಆ ಹೊತ್ತಿಗೆ ಕಾವಲುಗಾರ ಏದುಸಿರು ಬಿಡುತ್ತ ಬಂದ. ಕಾಯಿ ನೋಡಿ ಕೈಚಾಚಿದ. ಅತ್ತೆ ಅದನ್ನು ಸೆರಗಿನೊಳಗೆ ಎಳೆದುಕೊಂಡರು. ಅಜ್ಜಿಯ ಪರವಾಗಿ ಮಗಳು ಮಾತಿಗಿಳಿದಳು. ಗುಜರಾತಿ ನೀರಿನಂತೆ ಬರುತ್ತಿತ್ತು, ಆದರೆ 'ಹರಕೆ' ಎಂಬಲ್ಲಿ ತಡವರಿಸಿ ನನ್ನ ಮುಖ ನೋಡಿದಳು. ನಾನು ಹಿಂದಿಯಲ್ಲಿ "ಮನ್ನತ್" ಎಂದೆ.

ಕಾವಲುಗಾರನ ಮುಖ ಸಡಿಲವಾಯಿತು. "ಓಹೋ, ಬಾಧಾ! ಬಾ, ತಮಾರಿ ಬಾಧಾ ಛೇ?"

"ಬಾಧೆ? ನನಗೇನೂ ಬಾಧೆ ಇಲ್ಲ ಅಂತ ಹೇಳು" ಎಂದರು ಅತ್ತೆ ಸೆಟೆದು ಕೂತು. "ಕಣ್ಣು ಚೊಲೋ ಆಗ್ಯದ. ಕಾಲೂ ಚೊಲೋ ಅವ."

ಗುಜರಾತಿನವರು ಹರಕೆಗೆ ಬಾಧಾ ಎನ್ನುತ್ತಾರೆ, ಅಮ್ಮನಿಗೆ ಬಾ ಎನ್ನುತ್ತಾರೆ ಎಂದು ಕೊನೆಗೂ ನಾನು ಹೇಳಿ ಮುಗಿಸಿದೆ. ಅತ್ತೆ ಅವನ ಮುಖವನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರ ಆಗಿನಿಂದ ಅವ್ವಾ, ಅವ್ವಾ ಅಂತ ಕರ್ಯಾಕತ್ತಿದ್ದನೇನು ಪಾಪ! ನಾನು ಮಾತ ಕೇಳಲಾರದ ಓಡಿ ಬಂದೆ" ಎಂದು ನಗತೊಡಗಿದರು. ಅವನಿಗೂ ಮಗಳು ವಿವರಿಸಿದಳು. ಕನ್ನಡದಲ್ಲಿ ಬಾ ಎಂದರೆ ಏನೆಂದು ಗೊತ್ತಾದಾಗ ಅವನು ಕಂಬ ಹಿಡಿದುಕೊಂಡು ನಕ್ಕ.

ಅವನೇ ದಾರಿಯನ್ನೂ ಹೇಳಿದ. ಇಲ್ಲಿ ಕಾಯಿ ಒಡೆಯುವಂತಿಲ್ಲ, ಕರ್ಪೂರ ಹಚ್ಚುವಂತಿಲ್ಲ, ಕಾನೂನು. ಆದರೆ ಸೂರ್ಯನಿಗೆ ಕೈ ಮುಗಿಯಬೇಡಿ ಎಂದು ಯಾವ ಕಾನೂನೂ ಇಲ್ಲ. ಕಾಯಿಯನ್ನು ಊರೊಳಗಿನ ದೇವಿಯ ಗುಡಿಯಲ್ಲಿ ಒಡೆಸಿ. ಅಲ್ಲಿ ದಿನವೂ ಪೂಜೆ ಇದೆ.

ಅತ್ತೆ ಹೊರಗೆ ಬಂದು ಕುಂಡದ ಮೇಲಿನ ಮೆಟ್ಟಿಲಲ್ಲಿ ನಿಂತರು. ನೆತ್ತಿಯ ಹತ್ತಿರ ಬಂದಿದ್ದ ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬೇಕೆಂದು ಅವರ ಆಸೆ, ಬೇಡವೆಂದು ಡಾಕ್ಟರರ ಆಣತಿ. ಕಪ್ಪು ಕನ್ನಡಕ ಹಾಕಿಕೊಂಡೇ ತಲೆ ತಗ್ಗಿಸಿ ಕೈಮುಗಿದರು. ಕಾಯಿ ಕಾವಲುಗಾರನ ಕೈಯಲ್ಲಿತ್ತು. ಸಮವಸ್ತ್ರದಲ್ಲಿದ್ದ ಆ ಮೀಸೆಯ ಮನುಷ್ಯ ಅರ್ಚಕನ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಶಾಲೆಯ ಮಕ್ಕಳು ಅವನ ಫೋಟೋ ತೆಗೆದರು.

ದೇವಿಯ ಗುಡಿಯಲ್ಲಿ ಕಾಯಿ ಒಡೆದಾಯಿತು. ಅರ್ಧ ಹೋಳು ನಮಗೆ ಕೊಟ್ಟರು. ಅದರಲ್ಲೊಂದು ಚೂರನ್ನು ಕಾವಲುಗಾರನಿಗೆ ತಲುಪಿಸಿಯೇ ಮುಂದೆ ಹೋಗಬೇಕೆಂದು ಅತ್ತೆ ಹಟ ಹಿಡಿದರು. ನಮ್ಮ ಡ್ರೈವರು ಕಾರು ತಿರುಗಿಸಿದ. ಅವನೂ ಆಗಲೇ ಅವರನ್ನು ಬಾ ಎನ್ನುತ್ತಿದ್ದ, ಅವರು ಓಗೊಡುತ್ತಿದ್ದರು.

ಪಾಟಣ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ದಾರಿಯ ಊಟದಲ್ಲಿ ದಾಲಿಗೆ ಬೆಲ್ಲ ಹಾಕಿದ್ದನ್ನು ಅತ್ತೆ ಕ್ಷಮಿಸಿರಲಿಲ್ಲ. ರಾಣಿಯ ಬಾವಿ ಕಂಡಕೂಡಲೇ ಅದು ಮರೆತುಹೋಯಿತು. ನೆಲದ ಮೇಲೆ ಏನೂ ಕಾಣದು. ಅಂಚಿಗೆ ಬಂದು ಬಗ್ಗಿದರೆ ಅಂತಸ್ತಿನ ಕೆಳಗೆ ಅಂತಸ್ತಾಗಿ ಒಂದು ದೇವಸ್ಥಾನವೇ ಭೂಮಿಯೊಳಗೆ ಇಳಿದಂತಿದೆ. ಎರಡೂ ಗೋಡೆಯ ತುಂಬ ವಿಷ್ಣುವಿನ ಅವತಾರಗಳು, ಕನ್ನಡಿ ಹಿಡಿದ ಹೆಂಗಸರು. ಅತ್ತೆ ಪ್ರತಿಯೊಂದರ ಮುಂದೆ ನಿಂತರು. ಬೆರಳಿನ ಉಂಗುರ, ಕಾಲಿನ ಗೆಜ್ಜೆ, ಜಡೆಯ ಹೆಣಿಗೆ ಎಲ್ಲವನ್ನೂ ಮೊಮ್ಮಗಳಿಗೆ ತೋರಿಸಿ ಒಂದೊಂದರ ಕನ್ನಡ ಹೆಸರು ಹೇಳಿಕೊಟ್ಟರು. ಅವಳು ಗುಜರಾತಿ ಹೆಸರು ಹೇಳಿದಳು.

ರಾಣಿಯೊಬ್ಬಳು ತೀರಿಹೋದ ಗಂಡನ ನೆನಪಿಗೆ ಇದನ್ನು ಕಟ್ಟಿಸಿದಳಂತೆ ಎಂದೆ.

"ಅಂವ ಇದ್ದಾಗ ಇಷ್ಟು ದೊಡ್ಡ ಕೆಲಸಕ್ಕ ಹೂಂ ಅಂತಿದ್ದಿಲ್ಲ ಬಿಡು" ಎಂದರು ಅತ್ತೆ.

ವಾಪಸು ಹತ್ತುವಾಗ ಅರ್ಧದಲ್ಲಿ ನನ್ನ ಮಂಡಿ ಮುಷ್ಕರ ಹೂಡಿತು. ಸುಮ್ಮನೆ ಶಿಲ್ಪ ನೋಡುವವಳ ಹಾಗೆ ಗೋಡೆ ಹಿಡಿದು ನಿಂತೆ. ಮಗಳು ಎಂದೋ ಮೇಲೆ ಹೋಗಿದ್ದಳು. ನಾಲ್ಕು ಮೆಟ್ಟಿಲು ಮುಂದಿದ್ದ ಅತ್ತೆ ತಿರುಗಿ ನೋಡಿ, ಇಳಿದು ಬಂದು, ಕೈ ಚಾಚಿದರು.

"ಏನಿಲ್ಲ ಅತ್ತೆ, ಇದನ್ನ ನೋಡ್ತಿದ್ದೆ" ಎಂದೆ.

"ಆ ಗ್ವಾಡಿ ಮ್ಯಾಲ ಏನೂ ಇಲ್ಲ. ಬರೇ ಕಲ್ಲು ಅದ" ಎಂದರು. "ಹಿಡಿ."

ಎಪ್ಪತ್ತೆರಡರ ಅತ್ತೆ ನಲವತ್ತೆಂಟರ ಸೊಸೆಯನ್ನು ಮೇಲಕ್ಕೆ ಎಳೆದುಕೊಂಡು ಹತ್ತಿದರು. ಎದುರಿಗೆ ಇಳಿಯುತ್ತಿದ್ದ ಒಂದು ಕುಟುಂಬ ಗೋಡೆಯ ಕಡೆಗೆ ಸರಿದು ನಮಗೆ ದಾರಿ ಬಿಟ್ಟಿತು. ನಾನು ನಾಚಿಕೆಯಿಂದ ಅವರತ್ತ ನೋಡಲಿಲ್ಲ, ಕೈಯನ್ನೂ ಬಿಡಲಿಲ್ಲ.