ಸಪಾಟಾದ ದಾರಿ

ಕಾಲುವಿ ಹೊಸದಾಗಿ ಬಂದ ಕಾಲ. ಜವಳಗೇರಾದಾಗ ಹೊಲ ಸಪಾಟ ಮಾಡಾಕ ಇದ್ದದ್ದು ನನ್ನ ಬುಲ್ಡೋಜರ್ ಒಂದೇ. ಊರಿನ ಈ ಕಡೆ ಬಸಣ್ಣನ ಹೊಲ, ಆ ಕಡೆ ಶರಣಪ್ಪಂದು. ಯಾರದು ಮೊದಲು ಅನ್ನೋ ಜಗಳ ಬ್ಯಾಡಂತ ನೀರಾವರಿ ಇಲಾಖೆ ಸಾಹೇಬರು ಹುಕುಂ ಮಾಡಿದ್ರು: ಎರಡು ತಾಸಿಗೊಮ್ಮೆ ಹೊಲ ಬದಲಿಸು. ತೆವಳಿಕೊಂಡು ಹೋಗೋ ಗಾಡಿ, ಅರ್ಧ ದಿನ ದಾರಿಯಾಗೇ ಹೋಗ್ತಿತ್ತು.

“ಒಂದು ಹೊಲ ಪೂರಾ ಮುಗಿಸಿ ಇನ್ನೊಂದಕ್ಕ ಬರ್ತೀನ್ರೀ,” ಅಂತ ಇಬ್ಬರಿಗೂ ಕೈಮುಗಿದೆ.

“ಅಷ್ಟರಾಗ ಕಾಲುವಿಗೆ ನೀರು ಬಿಟ್ರ ನನ್ನ ಗತಿ ಏನಪಾ?” ಇಬ್ಬರದೂ ಅದೇ ಮಾತು.

ನೀರು ಬಿಟ್ಟೇ ಬಿಟ್ರು. ಎರಡೂ ಹೊಲ ಅರ್ಧಮರ್ಧ, ಹಂಗೇ ನಾಟಿ ಮಾಡಿದ್ರು. ದಿಬ್ಬದ ಮ್ಯಾಲಿನ ಭತ್ತದ ಸಸಿ ಒಣಗಿತು, ತಗ್ಗಿನಾಗಿಂದು ಕೊಳೀತು. ಶರಣಪ್ಪ ಬದುವಿನ ಮ್ಯಾಲೆ ಕುಂತು ಅತ್ತ.

ಹೊಲದಿಂದ ಹೊರಗ ಚೆಲ್ಲಿದ ನೀರು ನಾ ದಿನಾ ಅಡ್ಡಾಡಿದ ದಾರಿ ತುಂಬ ಒಂದೇ ಸಮ ಹರಡಿ ನಿಂತಿತ್ತು. ಅದೊಂದನ್ನ ಮಾತ್ರ ಚೊಲೋ ಸಪಾಟ ಮಾಡಿದ್ದೆ.