ಮುನಿಶಾಮಣ್ಣನ ಮೀನಿನ ಕ್ಯಾಸೆಟ್ಟುಗಳು

ಮುನಿಶಾಮಣ್ಣನವರು ಯಾವ ವಸ್ತುವನ್ನೇ ಕೊಳ್ಳಲಿ, ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ರೇಷ್ಮೆ ಗೂಡಿನ ಮಟ್ಟಿಗೆ ಅದು ಸರಿಯೇ. ಒಳಗಿನ ಹುಳ ಸದ್ದು ಮಾಡುವ ರೀತಿಯಲ್ಲೇ ಗೂಡು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತದೆ; ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವರು ಗಡಿಯಾರವನ್ನೂ ಅಲ್ಲಾಡಿಸಿದರು, ಟಾರ್ಚನ್ನೂ ಅಲ್ಲಾಡಿಸಿದರು, ಮಗಳ ಮದುವೆಗೆ ತಂದ ಪ್ರೆಶರ್ ಕುಕ್ಕರನ್ನೂ ಬಿಡಲಿಲ್ಲ. ಅಳಿಯನೊಬ್ಬನನ್ನು ಹೇಗೋ ಅಲ್ಲಾಡಿಸದೆ ಒಪ್ಪಿಕೊಂಡರು. ಆ ಅಳಿಯನ ನಡತೆ ಸರಿಯಿಲ್ಲವೆಂದು ಆಮೇಲೆ ಗೊಣಗುತ್ತಿದ್ದುದೂ ಉಂಟು.

ನಮ್ಮ ಅಬ್ಬಾ ರೇಷ್ಮೆ ನೂಲು ಬಿಚ್ಚುವ ರೀಲರ್. ಮುನಿಶಾಮಣ್ಣ ಹಿಪ್ಪುನೇರಳೆ ಬೆಳೆದು ಗೂಡು ಮಾರುವವರು. ಮಾರುಕಟ್ಟೆಯಲ್ಲಿ ಇಬ್ಬರಿಗೂ ಜಗಳ, ಸಂಜೆ ಕೆರೆ ಏರಿಯ ಮೇಲೆ ಪಕ್ಕಪಕ್ಕ ಗಾಳ ಹಾಕಿಕೊಂಡು ಸ್ನೇಹ. ನನಗೆ ಬುದ್ಧಿ ತಿಳಿದಾಗಿನಿಂದ ಕೆರೆಯಲ್ಲಿ ಗೆಲ್ಲುತ್ತಿದ್ದವರು ಅಬ್ಬಾ. ಮುನಿಶಾಮಣ್ಣ ಗಾಳ ಹಾಕಿದ ಕೂಡಲೇ "ರಾ ನಾಯನಾ, ರಾ" ಎಂದು ಮೀನನ್ನು ತೆಲುಗಿನಲ್ಲಿ ಕರೆಯುತ್ತಿದ್ದರು. ಮೀನು ಬಂದು ಅಬ್ಬಾನ ಗಾಳ ಕಚ್ಚುತ್ತಿತ್ತು.

ಸೋಲಿಗೆ ಅವರ ಬಳಿ ಒಂದೇ ಕಾರಣವಿತ್ತು. ನೂಲು ಬಿಚ್ಚಿದ ಮೇಲೆ ಬೇಸಿನ್ನಿನಲ್ಲಿ ಉಳಿಯುವ ಬೆಂದ ರೇಷ್ಮೆ ಹುಳವನ್ನು ಅಬ್ಬಾ ಗಾಳಕ್ಕೆ ಚುಚ್ಚುತ್ತಿದ್ದರು. "ಗೆಲ್ಲೋದು ನೀನಲ್ಲ ಕಣಯ್ಯಾ ರಹಮತ್ತು, ನಿನ್ನ ಹುಳ. ಆ ನಾತಕ್ಕೆ ಮೀನೇನು, ಮೊಸಳೇನೂ ಬರ್ತದೆ" ಎನ್ನುತ್ತಿದ್ದರು. ಅದೇ ಹುಳವನ್ನು ಅಬ್ಬಾ ಬೊಗಸೆ ತುಂಬ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಆಮೇಲೆ ಸೋತರೆ ಹೇಳಲು ಏನೂ ಉಳಿಯುವುದಿಲ್ಲವಲ್ಲ.

ನಾನು ಬಿ.ಎ. ಓದುತ್ತಿದ್ದಾಗ ಅಬ್ಬಾಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲಿತು. ನೋಡಲು ಬಂದವರೆಲ್ಲ ಹಣ್ಣು ತಂದರು. ಮುನಿಶಾಮಣ್ಣ ಕಂಕುಳಲ್ಲಿ ಟಿ.ವಿ.ಗೆ ಹಾಕುವ ವಿಡಿಯೋ ಗೇಮಿನ ಪೆಟ್ಟಿಗೆ ಇಟ್ಟುಕೊಂಡು ಬಂದರು.

"ನೀನು ಏರಿಗೆ ಬರೋಕಾಗಲ್ಲ. ಅದಕ್ಕೆ ಕೆರೇನೇ ತಂದಿದೀನಿ."

ಅಮ್ಮಿ ಬಾಗಿಲ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮುನಿಶಾಮಣ್ಣ ಬಗ್ಗಿ ಅಬ್ಬಾನ ಕಿವಿಯಲ್ಲಿ, ಇಡೀ ಮನೆಗೆ ಕೇಳುವಂತೆ, "ಇದ್ರಲ್ಲಿ ನಿನ್ನ ಹುಳ ನಡೆಯಲ್ಲ ನೋಡು" ಎಂದರು. ಕಾಯಿಲೆ ಬಿದ್ದ ಗೆಳೆಯನಿಗೆ ಆಟ ತಂದುಕೊಡುವ ಪುಣ್ಯಾತ್ಮರು ಇರಬಹುದು. ಕಾಯಿಲೆ ಬಿದ್ದದ್ದೇ ಒಳ್ಳೆ ಸಮಯವೆಂದು ಹಳೇ ಬಾಕಿ ತೀರಿಸಲು ಬಂದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ತಂತಿಗಳನ್ನು ಟಿ.ವಿ.ಗೆ ಸಿಕ್ಕಿಸುವ ಕೆಲಸ ನನ್ನದು. ಪೆಟ್ಟಿಗೆಗೆ ಹಾಕಿದ ಕ್ಯಾಸೆಟ್ಟಿನಲ್ಲಿದ್ದದ್ದು ಮೀನು ಹಿಡಿಯುವ ಆಟ. ಸರದಿಯ ಮೇಲೆ ಗಾಳ ಎಸೆಯಬೇಕು. ದೊಡ್ಡ ಮೀನು ಹಿಡಿದವರು ಗೆದ್ದಂತೆ. ದಾರ ಸಡಿಲವಾದರೆ ಮೀನು ತಪ್ಪಿಸಿಕೊಳ್ಳುತ್ತದೆ, ಬಿಗಿಯಾದರೆ ದಾರ ಕಡಿಯುತ್ತದೆ. ಅಬ್ಬಾ ತೊಡೆಯ ಮೇಲೆ ಮಣೆ, ಮಣೆಯ ಮೇಲೆ ರಿಮೋಟು ಇಟ್ಟುಕೊಂಡು ಎಡಗೈ ಹೆಬ್ಬೆರಳಿನಲ್ಲಿ ಒಂದೊಂದೇ ಸಲ ಒತ್ತಿ, ಬಿಟ್ಟು, ಒತ್ತಿ ಎಳೆದರು. ಮುನಿಶಾಮಣ್ಣ ಮೀನು ಕಚ್ಚಿದ ಕೂಡಲೇ ರಿಮೋಟನ್ನು ತಲೆಯ ಮೇಲೆತ್ತಿ ಕುರ್ಚಿಯಿಂದ ಎದ್ದೇ ನಿಂತರು. ತಂತಿ ಜಗ್ಗಿ ಪೆಟ್ಟಿಗೆ ಸ್ಟೂಲಿನಿಂದ ಕೆಳಗೆ ಬಿತ್ತು.

ಸೋತ ಮೇಲೆ ಕ್ಯಾಸೆಟ್ಟನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರು. "ಇದು ಸರಿಯಿಲ್ಲ. ಗಾಳ ಹಾಕಿದ ತಕ್ಷಣ ಕಚ್ತವೆ. ಇವೇನು ಮೀನಾ, ಊಟಕ್ಕೆ ಬಂದ ನೆಂಟರಾ?"

ಮಾರನೆಯ ದಿನ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಬೇರೆ ತಂದರು. ಅದರಲ್ಲಿ ದೋಣಿಯ ಮೇಲೆ ಹ್ಯಾಟು ಹಾಕಿದ ಮನುಷ್ಯನಿದ್ದ. ಅದರಲ್ಲೂ ಸೋತರು. "ಹ್ಯಾಟ್ ಹಾಕ್ಕೊಂಡೋನಿಗೆ ಯಾವ ಮೀನು ಬೀಳ್ತದೆ? ನಮ್ಮಂಥೋರಿಗೆ ಮಾಡಿದ್ದಲ್ಲ ಇದು." ಮೂರನೆಯದರಲ್ಲಿ ನೀರಿನ ಬಣ್ಣ ನೀಲಿ. ನಮ್ಮ ಸೀಮೆಯಲ್ಲಿ ಯಾವ ಕೆರೆಯ ನೀರು ನೀಲಿಯಾಗಿದೆ ಎಂದು ನನ್ನನ್ನೇ ದಬಾಯಿಸಿದರು. ಆಡುವಾಗ ಕಾಣದ ನೀಲಿ ಸೋತ ಮೇಲೆ ಕಣ್ಣಿಗೆ ರಾಚುತ್ತಿತ್ತು. ಶನಿವಾರ ಮಾತ್ರ ಅವರು ಸೋಲುತ್ತಿರಲಿಲ್ಲ. ವೆಂಕಟರಮಣಸ್ವಾಮಿಯ ಒಕ್ಕಲು, ಶನಿವಾರ ಮೀನು ಮಾಂಸ ಮುಟ್ಟುವಂತಿಲ್ಲ, ಟಿ.ವಿ.ಯ ಮೀನಿಗೂ ಅದೇ ನೇಮ. ಅವತ್ತು ಕೈಕಟ್ಟಿ ಕೂತು ಅಬ್ಬಾಗೆ ಹೇಗೆ ಎಳೆಯಬೇಕೆಂದು ಪಾಠ ಹೇಳುತ್ತಿದ್ದರು.

ಒಮ್ಮೆ ನನ್ನನ್ನೂ ಚಿಂತಾಮಣಿಯ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಇವರನ್ನು ಕಂಡದ್ದೇ ಕೌಂಟರಿನ ಕೆಳಗೆ ಬಗ್ಗಿದ.

"ಮೀನಿಂದು ಇನ್ನೊಂದೇ ಇರೋದು ಗೌಡ್ರೆ. ಕಾರು, ಗನ್ನು ಏನಾದ್ರೂ ತಗೊಂಡೋಗಿ. ಹುಡುಗ್ರೆಲ್ಲಾ ಅದನ್ನೇ ಕೇಳ್ತಾರೆ."

"ಗನ್ನು ತಗೊಂಡು ಆ ಸಾಬ್ರನ್ನ ಹೊಡೀಲಾ? ಆಡಿದ್ರೆ ಮಜಾ ಬರೋ ಮೀನಿಂದು ಕೊಡಯ್ಯಾ."

"ಮಜಾ ಅಂದ್ರೆ ಹೆಂಗಿರ್ಬೇಕು ಗೌಡ್ರೆ?"

ಮುನಿಶಾಮಣ್ಣ ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಒಂದ್ಸಲ ನಾನು ಗೆಲ್ಲಂಗಿರ್ಬೇಕು" ಎಂದರು. ನಾನು ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ತಿರುಗಿ ನಕ್ಕೆ.

ಆ ಕೊನೆಯ ಕ್ಯಾಸೆಟ್ಟಿನಲ್ಲೂ ಅವರು ಚಳಿಗಾಲದವರೆಗೆ ಸೋತರು. ಗೆದ್ದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚುತ್ತೇನೆ ಎಂದು ಹೇಳಿಕೊಂಡಿದ್ದರಿಂದ, ಬೀದಿಯವರೂ ದಿನಾ ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಅಬ್ಬಾಗೆ ಎರಡನೆಯ ಸಲ ಹೊಡೆಯಿತು. ಆಸ್ಪತ್ರೆಯಿಂದ ಬಂದ ವಾರದಲ್ಲೇ ತೊಡೆಯ ಮೇಲೆ ಮಣೆ ಇಡಲು ನನಗೆ ಸನ್ನೆ ಮಾಡಿದರು. ಆಟ ಶುರುವಾಯಿತು. ಅಬ್ಬಾನ ಹೆಬ್ಬೆರಳು ಒತ್ತಿತು, ಆದರೆ ಬಿಡಬೇಕಾದಾಗ ಎತ್ತಲಾಗಲಿಲ್ಲ. ದಾರ ಕಡಿಯಿತು. ಮತ್ತೆ ಕಡಿಯಿತು. ಮುನಿಶಾಮಣ್ಣ ಎಂದಿನಂತೆ ಎದ್ದು ನಿಂತು ಎಳೆದರು. ಈ ಸಲ ಪರದೆಯ ತುಂಬ ದೊಡ್ಡ ಮೀನು ಬಂತು. ಟಿ.ವಿ. ಗೆದ್ದವರಿಗೆ ಬಾರಿಸುವ ಸಂಗೀತ ಬಾರಿಸಿತು.

ಅವರು ಪರದೆಯನ್ನು ನೋಡಲಿಲ್ಲ. ಮಣೆಯ ಮೇಲಿದ್ದ ಆ ಕೈಯನ್ನು ನೋಡಿದರು. ಸಂಗೀತ ಮುಗಿಯುವ ಮೊದಲೇ ಕ್ಯಾಸೆಟ್ಟು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಇದೂ ಸರಿಯಿಲ್ಲ. ಒಳಗೆ ಏನೋ ಲೂಸಾಗದೆ."

ಅಬ್ಬಾ ತೊದಲುತ್ತಾ, "ಗೆದ್ಯಲ್ಲ ಮುನಿಶಾಮಣ್ಣ. ಮೈಸೂರುಪಾಕು?" ಎಂದರು.

"ಇಂಥಾ ಕ್ಯಾಸೆಟ್ಟಲ್ಲಿ ಗೆದ್ರೆ ಅದೊಂದು ಗೆಲುವೇನಯ್ಯಾ? ಒಳ್ಳೇದು ತರ್ತೀನಿ, ತಡಿ."

ಅಬ್ಬಾ ಅರ್ಧ ಬಾಯಿಯಲ್ಲಿ ನಕ್ಕರು. ಅಷ್ಟು ದಿನ ಮುನಿಶಾಮಣ್ಣನವರನ್ನು ಆಡಿಕೊಂಡಿದ್ದ ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ.

ಒಳ್ಳೆಯದು ಚಿಂತಾಮಣಿಯಲ್ಲಿ ಸಿಗಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೋದರು, ಗೌರಿಬಿದನೂರಿಗೂ ಹೋಗಿ ಬಂದರು. ಅಬ್ಬಾ ಅಷ್ಟು ದಿನ ಕಾಯಲಿಲ್ಲ.

ಅಬ್ಬಾನ ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಒಂದು ಮಧ್ಯಾಹ್ನ ಮುನಿಶಾಮಣ್ಣ ಬಂದು ಎಂದಿನ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಹೊಸ ಕ್ಯಾಸೆಟ್ಟು. ಮೇಲೆ ಕೆರೆಯ ಚಿತ್ರವಿತ್ತು. ನೀರು ನಮ್ಮ ಕೆರೆಯ ಹಾಗೆ ಮಣ್ಣಿನ ಬಣ್ಣದ್ದೇ. ಅದನ್ನು ಅವರು ಅಲ್ಲಾಡಿಸಲಿಲ್ಲ.

"ಹಾಕ್ಲಾ ಮುನಿಶಾಮಣ್ಣ? ನಾನು ಆಡ್ತೀನಿ ನಿಮ್ ಜೊತೆ" ಎಂದೆ.

ಅವರು ಎದ್ದು ಕ್ಯಾಸೆಟ್ಟನ್ನು ಅಬ್ಬಾನ ಮಣೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡರು.

"ಬ್ಯಾಡ ಕಣಮ್ಮಾ. ಇವತ್ತು ಶನಿವಾರ."

ಅವತ್ತು ಗುರುವಾರ.