ಮುದಿ ಕುದುರೆಗಳ ದ್ರಾಕ್ಷಾಯಣಿ

ಪಾಳ್ಯದ ದ್ರಾಕ್ಷಾಯಣಿ, ತಾನು ಸಾಕಲು ಕೊಟ್ಟ ಕುದುರೆ ನೋಡಲು, ಯಾರ ಮನೆಗೂ ಮೊದಲೇ ಹೇಳಿ ಹೋದವಳಲ್ಲ. ಹೇಳಿ ಹೋದರೆ ಬಾನಿ ತೊಳೆದಿರುತ್ತಾರೆ, ಹಸಿ ಹುಲ್ಲು ಹಾಕಿರುತ್ತಾರೆ, ಕುದುರೆಯ ಮೈ ಉಜ್ಜಿ ನಿಲ್ಲಿಸಿರುತ್ತಾರೆ ಎಂಬುದು ಅವಳ ತರ್ಕ. ಬೆಳಗಿನ ಮೊದಲ ಬಸ್ಸು ಹಿಡಿದು, ಮನೆಯವರು ಇನ್ನೂ ಹಲ್ಲುಜ್ಜುತ್ತಿರುವಾಗಲೇ ಅಂಗಳದಲ್ಲಿ ನಿಂತಿರುತ್ತಿದ್ದಳು. ಕಾಫಿ ಕೊಟ್ಟರೆ ಆಮೇಲೆ ಅನ್ನುತ್ತಿದ್ದಳು. ಮೊದಲು ಪಕ್ಕೆಲುಬು, ಆಮೇಲೆ ಗೊರಸು, ಆಮೇಲೆ ಬೆನ್ನು. ಬೆನ್ನಿನ ಮೇಲೆ ಜೀನಿನ ಗುರುತೇನಾದರೂ ಕಂಡರೆ ಆ ಮನೆಯ ಕಾಫಿ ಹಾಗೇ ಆರುತ್ತಿತ್ತು.

ಅವಳು ಹುಟ್ಟಾ ಹೀಗಿರಲಿಲ್ಲ. ಅಪ್ಪ ಸಕಲೇಶಪುರದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಅಲ್ಲಿನ ಸಾಹುಕಾರರು ತೋಟ ಸುತ್ತಲು ಮೂರು ಕುದುರೆ ಸಾಕಿದ್ದರು. ಅವನ್ನು ನೋಡಿಕೊಳ್ಳುತ್ತಿದ್ದ ಲಕ್ಕಪ್ಪನ ಹಿಂದೆ ಮುಂದೆ ಸುತ್ತಾಡಿಕೊಂಡೇ ದ್ರಾಕ್ಷಾಯಣಿ ಬೆಳೆದಳು. ಕುದುರೆಯ ಮೈಮೇಲಿನ ಕೂದಲ ಸುಳಿ ನೋಡುವುದನ್ನು ಅವಳಿಗೆ ಕಲಿಸಿದವನೂ ಅವನೇ. 'ಬಣ್ಣ ಮಾಸ್ತದೆ, ಮೈ ಇಳೀತದೆ, ಸುಳಿ ಮಾತ್ರ ಸಾಯೋಗಂಟ ಹಂಗೇ ಇರ್ತದೆ ಕಣವ್ವ' ಅನ್ನುತ್ತಿದ್ದ.

೧೯೯೩ರಲ್ಲಿ ಸಾಹುಕಾರರು ತೀರಿಕೊಂಡರು, ತೋಟ ಕೈಬದಲಾಯಿತು. ಕುದುರೆಗಳಿಗೆ ಒಬ್ಬ ದಳ್ಳಾಳಿ ಬಂದ. ಮೈಸೂರು ಕಡೆ ದೊಡ್ಡ ಹುಲ್ಲುಗಾವಲು ಐತೆ, ಮಕ್ಕಳು ಸವಾರಿ ಕಲಿಯೋಕೆ ತಗೋತಾರೆ ಎಂದು ಕೈ ಮೇಲೆ ಕೈ ಇಟ್ಟು ಆಣೆ ಮಾಡಿದ. ದ್ರಾಕ್ಷಾಯಣಿ ತಾನೇ ಬೆಲ್ಲ ತಿನ್ನಿಸಿ, ಹೆದರಿ ಹಿಂಜಗ್ಗುತ್ತಿದ್ದ ಮೂರನ್ನೂ ಪುಸಲಾಯಿಸಿ ಲಾರಿಗೆ ಹತ್ತಿಸಿದಳು.

ಎರಡು ತಿಂಗಳಾದ ಮೇಲೆ ಹಾಸನದಲ್ಲಿ ಒಂದು ಜಟಕಾ ಅವಳ ಪಕ್ಕದಲ್ಲೇ ಹಾದುಹೋಯಿತು. ಎಳೆಯುತ್ತಿದ್ದ ಹೆಣ್ಣು ಕುದುರೆ, ಆ ಮೂರರಲ್ಲೊಂದು, ತಲೆಯೆತ್ತಿ ಅವಳನ್ನು ನೋಡಿ ನಿಂತುಬಿಟ್ಟಿತು. ಭುಜದ ಮೇಲೆ ಅಂಗೈಯಗಲ ಹುಣ್ಣು. ಉಳಿದೆರಡು ಎಲ್ಲಿ ಎಂದು ಕೇಳಿದ್ದಕ್ಕೆ ಜಟಕಾದವನು ಮುಖ ತಿರುಗಿಸಿ, 'ಅವು ಮುದಿಯವು ಅಲ್ವಾ ಅಕ್ಕ, ಕಟುಕರ ಕಡೆ ಹೋದ್ವು' ಎಂದ. ಅವಳು ಅಲ್ಲೇ ಕಿವಿಯ ಓಲೆ ಬಿಚ್ಚಿಕೊಟ್ಟು ಆ ಕುದುರೆಯನ್ನು ಬಿಡಿಸಿಕೊಂಡಳು. ಲಕ್ಕಪ್ಪನನ್ನು ಕರೆಸಿ, ಇಬ್ಬರೂ ಆಲೂರಿನ ಮೇಲೆ ಪಾಳ್ಯದವರೆಗೆ ಅದನ್ನು ನಡೆಸಿಕೊಂಡು ಬಂದರು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳುತ್ತಿದ್ದಳಂತೆ: 'ನಾನೇ ಹತ್ತಿಸಿದ್ನಲ್ಲ ಲಕ್ಕಪ್ಪ.'

ಆ ಕುದುರೆ ನಾಲ್ಕು ವರ್ಷ ಬದುಕಿತು. ಅಷ್ಟರೊಳಗೆ ಸುದ್ದಿ ಹರಡಿತ್ತು. ಆಟೋಗಳು ಹೆಚ್ಚಿ ಜಟಕಾ ನಿಂತಂತೆ ಒಂದೊಂದಾಗಿ ಕುದುರೆಗಳು ಬಂದವು. ಬೆಂಗಳೂರಿನ ಕಡೆಯಿಂದ ರೇಸಿನ ಓಟ ಮುಗಿದ ಎರಡು ಬಂದವು. ಪಾಳ್ಯದಲ್ಲಿ ಅಪ್ಪ ಬಿಟ್ಟುಹೋದ ಎರಡು ಎಕರೆಯ ಹುಲ್ಲು ಏಳು ಬಾಯಿಗೆ ಸಾಲದಾಯಿತು. ಆಗ ಅವಳು ದತ್ತು ಕೊಡುವ ಯೋಚನೆ ಮಾಡಿದಳು. ಹುಲ್ಲು ನೀರು ಇರುವ ಮನೆಯವರು ಒಂದೊಂದನ್ನು ಕೊನೆಗಾಲದವರೆಗೆ ಸಾಕಬೇಕು. ಅದಕ್ಕೊಂದು ಕಾಗದ ಬರೆದಳು. ಗಾಡಿಗೆ ಕಟ್ಟಬಾರದು, ಮಾರಬಾರದು, ಮದುವೆ ಮೆರವಣಿಗೆಗೆ ಕೊಡಬಾರದು, ತಾನು ಯಾವಾಗ ಬಂದರೂ ತೋರಿಸಬೇಕು. ನಾಲ್ಕನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಅವಳು ಊರನ್ನು ನಂಬಲಿಲ್ಲ, ಊರೂ ಅವಳನ್ನು ನಂಬಲಿಲ್ಲ. 'ಗೇಯದ ಕುದುರೆಗೆ ಹುರುಳಿ ಬೇಯ್ಸಿ ಹಾಕ್ತಾಳೆ ಅಂದ್ರೆ ಸುಮ್ನೆ ಹಾಕ್ತಾಳಾ? ಒಳಗೆ ಏನೋ ಐತೆ ಮಾರಾಯ' ಎಂದು ಹಾಲಿನ ಡೈರಿಯ ಮುಂದೆ ಮಾತಾಡಿಕೊಳ್ಳುತ್ತಿದ್ದರು. ಹಾವಿನ ವಿಷದ ಔಷಧಿಗೆ ರಕ್ತ ತೆಗೆದು ಕಳಿಸುತ್ತಾಳೆ ಅಂದವರೂ ಉಂಟು. ಅವಳು ಅದನ್ನೆಲ್ಲ ಕೇಳಿಸಿಕೊಂಡು ಲಕ್ಕಪ್ಪನಿಗೆ, 'ನಮ್ಮನ್ನೇ ಹಿಂಗೆ ಅನ್ನೋರು ಕುದುರೆ ಸಿಕ್ಕಿದ್ರೆ ಬಿಟ್ಟಾರಾ?' ಅನ್ನುತ್ತಿದ್ದಳು.

ಅವಳ ಅನುಮಾನ ಸುಳ್ಳೂ ಆಗುತ್ತಿರಲಿಲ್ಲ. ಸಕಲೇಶಪುರದಾಚೆಯ ಒಂದು ತೋಟದವರು ಇಪ್ಪತ್ತೆರಡು ವರ್ಷದ ಕುದುರೆಯ ಮೇಲೆ ಭಾನುವಾರದ ಅತಿಥಿಗಳನ್ನು ಕೂರಿಸುತ್ತಿದ್ದರು. ಅವಳು ಹೋದ ಹೊತ್ತಿಗೆ ಅದರ ಬೆನ್ನು ಇನ್ನೂ ಬೆವರಿತ್ತು. ಹಗ್ಗ ಬಿಚ್ಚಿಕೊಂಡು ಹೊರಟಳು.

ಎರಡು ಸಾವಿರದ ಒಂದರಲ್ಲಿ ಆಲೂರಿನಿಂದ ಆರು ಮೈಲಿಯ ಒಂದು ಹಳ್ಳಿಯಿಂದ ನಿವೃತ್ತ ಮೇಷ್ಟರು ಪರಮಶಿವಯ್ಯ ಬಂದರು. ಓಟದಲ್ಲಿ 'ಗ್ರ್ಯಾಂಡ್ ಡ್ಯೂಕ್' ಎಂಬ ಹೆಸರಿದ್ದ, ಲಕ್ಕಪ್ಪನ ಬಾಯಲ್ಲಿ ಡೂಕಪ್ಪ ಆಗಿದ್ದ ಕಂದು ಗಂಡು ಕುದುರೆಯನ್ನು ಕೇಳಿದರು. ದ್ರಾಕ್ಷಾಯಣಿ ಯಾಕೆ ಎಂದಳು. 'ಮನೇಲಿ ನಾವಿಬ್ಬರೇ ಬೆಳಿಗ್ಗೆ ಬೇಗ ಏಳೋರು. ಇನ್ನೊಬ್ಬರು ಇರಲಿ ಅಂತ' ಎಂದರು. ಆ ಉತ್ತರ ಅವಳಿಗೆ ತೀರಾ ಚೆನ್ನಾಗಿ ಕೇಳಿಸಿತು. ಇಷ್ಟು ಚೆನ್ನಾದ ಉತ್ತರ ಕೊಡುವವರ ಮೇಲೆ ಒಂದು ಕಣ್ಣಿರಬೇಕು ಅಂದುಕೊಂಡಳು.

ಎರಡು ವರ್ಷದಲ್ಲಿ ಒಂಬತ್ತು ಸಲ ಹೋಗಿ ನೋಡಿದಳು. ಒಂಬತ್ತು ಸಲವೂ ಒಂದು ತಪ್ಪು ಸಿಗಲಿಲ್ಲ. ಡೂಕಪ್ಪ ಮೈ ತುಂಬಿಕೊಂಡಿದ್ದ. ಮೇಷ್ಟರ ಹೆಂಡತಿ ಬಸಮ್ಮ ಅವನ ಹಣೆಗೆ ದಿನಾ ವಿಭೂತಿ ಹಚ್ಚುತ್ತಿದ್ದರು. ಮೇಷ್ಟರು ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು, ಎರಡು ಮಗ್ಗುಲು ತುಂಬ. ಡೂಕಪ್ಪ ಸೌತೆಕಾಯಿ ಕದ್ದದ್ದು, ಡೂಕಪ್ಪ ಪೋಸ್ಟ್‌ಮ್ಯಾನ್ ಟೋಪಿ ಕಚ್ಚಿದ್ದು, ಎಲ್ಲ ಇರುತ್ತಿತ್ತು.

ಎರಡು ಸಾವಿರದ ಮೂರರ ಜುಲೈಯಲ್ಲಿ ಬಂದ ಕಾಗದದಲ್ಲಿ ಮೂರೇ ಸಾಲು. 'ಕುದುರೆ ಕ್ಷೇಮ. ನಾವೂ ಕ್ಷೇಮ. ದಾರಿ ಕೆಟ್ಟಿರುವುದರಿಂದ ಈ ಸಲ ತಾವು ಬರುವ ತೊಂದರೆ ತೆಗೆದುಕೊಳ್ಳಬಾರದಾಗಿ ವಿನಂತಿ.'

ದ್ರಾಕ್ಷಾಯಣಿ ಅದನ್ನು ಎರಡು ಸಲ ಓದಿದಳು. 'ಲಕ್ಕಪ್ಪ, ಇವರು ಇಷ್ಟು ದಿನ ಡೂಕಪ್ಪ ಅಂತ ಬರೀತಿದ್ರು. ಈಗ ಕುದುರೆ ಅಂತಾರೆ.'

'ಮಳೆಗಾಲ ಅಲ್ವಾ, ಬರೆಯೋಕೆ ಬ್ಯಾಸರ ಆಗಿರ್ತದೆ.'

'ಬರಬೇಡಿ ಅಂತಲೂ ಬರೆದವ್ರೆ.'

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟರು.

ಕೊಟ್ಟಿಗೆಯಲ್ಲಿ ಕಂದು ಕುದುರೆಯೊಂದು ನಿಂತಿತ್ತು. ಡೂಕಪ್ಪನ ಹಾಗೇ ಹಿಂಗಾಲು ಬಿಳಿ, ಅದೇ ಎತ್ತರ. ಮೇಷ್ಟರು ಬಾಗಿಲಲ್ಲಿ ನಿಂತು, 'ಬನ್ನಿ, ಮೊದಲು ಕಾಫಿ ಆಗಲಿ' ಎಂದರು. ಅವರ ಕಣ್ಣು ಅವಳ ಮುಖದ ಮೇಲಿರಲಿಲ್ಲ. 'ಡೂಕಪ್ಪ' ಎಂದು ಕರೆದಳು. ಕುದುರೆ ಕಿವಿ ತಿರುಗಿಸಲಿಲ್ಲ. ಹತ್ತಿರ ಹೋಗಿ ಬಲಗಡೆ ಜೂಲು ಎತ್ತಿದಳು. ಡೂಕಪ್ಪನ ಕಿವಿಯ ಕೆಳಗೆ ಜೋಡಿ ಸುಳಿ ಇತ್ತು. ಇಲ್ಲಿ ಒಂದೂ ಇಲ್ಲ.

'ಮೇಷ್ಟ್ರೇ, ಇದು ಯಾವ ಕುದುರೆ?'

ಪರಮಶಿವಯ್ಯ ಜಗಲಿಯ ಮೇಲೆ ಕೂತರು. ಒಳಗಿಂದ ಬಸಮ್ಮ ಬಂದರು. 'ಅದು ಹೋಗ್ಬುಡ್ತು ಕಣಮ್ಮ. ಇಪ್ಪತ್ತೆರಡು ದಿನ ಆಯ್ತು.'

'ಹೋಯ್ತು ಅಂದ್ರೆ? ಯಾರ ಜೊತೆ ಹೋಯ್ತು?'

'ಸತ್ತೋಯ್ತು ಕಣಮ್ಮ!'

ಮಾರಿದವರೆಲ್ಲ ಸತ್ತುಹೋಯಿತು ಅಂತಲೇ ಹೇಳುವುದನ್ನು ದ್ರಾಕ್ಷಾಯಣಿ ಕೇಳಿದ್ದಳು. ಸತ್ತಿದ್ದರೆ ಬದಲಿ ಕುದುರೆ ತಂದು ನಿಲ್ಲಿಸುವ ಅಗತ್ಯವೇನು? ಹಾಸನದ ಆ ಹುಣ್ಣಾದ ಭುಜ ಅವಳ ಕಣ್ಣಿಗೆ ಬಂದು ನಿಂತಿತು. 'ಎಲ್ಲಿ ಮಣ್ಣು ಮಾಡಿದ್ರಿ, ತೋರ್ಸಿ' ಎಂದಳು.

ಹಿತ್ತಲಿನಾಚೆ ಅತ್ತಿಮರದ ಕೆಳಗೆ ಮಣ್ಣಿನ ದಿಬ್ಬವಿತ್ತು. ನಾಯಿ ಕೆದಕದಂತೆ ಮುಳ್ಳು ಹೊದಿಸಿದ್ದರು. ಯಾವ ಮಣ್ಣನ್ನು ಬೇಕಾದರೂ ದಿಬ್ಬ ಮಾಡಬಹುದು ಅನ್ನಿಸಿತು ಅವಳಿಗೆ.

'ಅಗೆಯಿರಿ.'

ಲಕ್ಕಪ್ಪ ಅವಳ ತೋಳು ಹಿಡಿದ. 'ಬ್ಯಾಡ ಕಣವ್ವ. ಮಣ್ಣು ಕೊಟ್ಟದ್ದನ್ನ ಕೆದಕಬಾರ್ದು.'

'ಇದ್ರೆ ತಾನೇ ಕೆದಕೋ ಮಾತು.'

ಮೇಷ್ಟರು ಚಪ್ಪಲಿ ಬಿಟ್ಟು, ಮುಳ್ಳು ಸರಿಸಿ, ತಾವೇ ಗುದ್ದಲಿ ತಂದು ಅಗೆಯತೊಡಗಿದರು. ಅರವತ್ತಾರು ವರ್ಷದ ಮನುಷ್ಯ. ನಾಲ್ಕು ಏಟಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತ ತಿರುಗಿದರು. ಮೊದಲು ಉಪ್ಪಿನ ಹರಳು ಬಂತು, ಆಮೇಲೆ ಕೊಳೆತ ಬಿಲ್ವಪತ್ರೆ, ಆಮೇಲೆ ವಾಸನೆ. ಮೇಷ್ಟರದೇ ಅಂಚಿನ ಪಂಚೆಯೊಂದು ಕಂಡಿತು. ಅದರ ತುದಿ ಸರಿಸಿದಾಗ ಒಂದು ಗೊರಸು. ಗೊರಸಿನ ಬಿರುಕಿಗೆ ಲಕ್ಕಪ್ಪ ಹೋದ ಸಲ ಬಂದಾಗ ಬಡಿದ ತಗಡಿನ ಪಟ್ಟಿ.

ಲಕ್ಕಪ್ಪನೇ ಮುಂದೆ ಹೋಗಿ ಗುದ್ದಲಿ ಕಸಿದುಕೊಂಡು ಮಣ್ಣನ್ನು ಮತ್ತೆ ಗುಂಡಿಗೆ ಎಳೆದ. ದ್ರಾಕ್ಷಾಯಣಿ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ತಳ್ಳಿದಳು.

ಹಲಸಿನ ಹಣ್ಣಿನಿಂದ ಆದ ಸಾವು ಅದು. ಡೂಕಪ್ಪನಿಗೆ ಹಲಸಿನ ತೊಳೆ ಎಂದರೆ ಪ್ರಾಣ. ಬಸಮ್ಮ ದಿನಾ ಎರಡೋ ಮೂರೋ ಕೊಡುತ್ತಿದ್ದರು. ಆವತ್ತು ಮನೆಗೆ ನೆಂಟರು ಬಂದಿದ್ದರು, ನಾಲ್ಕು ಹಣ್ಣು ಒಡೆದಿದ್ದರು. ತಿನ್ನಲಿ ಪಾಪ ಎಂದು ಉಳಿದ ತೊಳೆ, ಸಿಪ್ಪೆ ಎಲ್ಲ ಕುಕ್ಕೆಯಲ್ಲಿ ತುಂಬಿ ಅವನ ಮುಂದಿಟ್ಟರು. ಸಂಜೆಗೆ ಹೊಟ್ಟೆ ಉಬ್ಬಿತು. ಕುದುರೆಗೆ ವಾಂತಿಯಾಗುವುದಿಲ್ಲ, ತಿಂದದ್ದು ಕೆಟ್ಟರೆ ಹೊರಬರುವ ದಾರಿಯಿಲ್ಲ. ಆಲೂರಿನಿಂದ ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

'ನನಗೆ ಹೇಳಬೇಕಿತ್ತು' ಎಂದಳು ದ್ರಾಕ್ಷಾಯಣಿ.

'ಯಾವ ಮುಖ ಇಟ್ಕೊಂಡು ಹೇಳಾನ?' ಬಸಮ್ಮನ ದನಿ ಏರಿತು. 'ನೀವು ಬಂದಾಗೆಲ್ಲ ಕಳ್ಳರ ಮನೆಗೆ ಬಂದಂಗೆ ಬರ್ತಿದ್ರಿ. ನಾವು ಕಳ್ಳರಲ್ಲ ಅಂತ ತೋರ್ಸೋದ್ರಲ್ಲೇ ಎರಡು ವರ್ಷ ಹೋಯ್ತು. ಕೊನೆಗೆ ನಿಮ್ಮ ಹೆದರಿಕೆಗೆ ದಿಟವಾಗ್ಲೂ ಕಳ್ಳತನ ಮಾಡ್ಬುಟ್ವು.'

ಬದಲಿ ಕುದುರೆಯನ್ನು ಮೇಷ್ಟರು ಹಾಸನದ ಒಬ್ಬ ಜಟಕಾದವನಿಗೆ ಮನೆಯ ಹಸುವಿನ ಕಡಸು ಕೊಟ್ಟು ತಂದಿದ್ದರು. ದ್ರಾಕ್ಷಾಯಣಿ ಅದರ ಬಾಯಿ ಬಿಡಿಸಿ ನೋಡಿದಳು. ಹತ್ತೊಂಬತ್ತು ವರ್ಷಕ್ಕೆ ಕಡಿಮೆಯಿಲ್ಲ. ಎಡಗಣ್ಣಿಗೆ ಪೊರೆ ಬರುತ್ತಿತ್ತು, ಎದೆಯ ಮೇಲೆ ಪಟ್ಟಿ ಉಜ್ಜಿದ ಹಳೇ ಗಾಯ. ಇನ್ನೊಂದು ತಿಂಗಳು ಅಲ್ಲೇ ಇದ್ದಿದ್ದರೆ ಎಲ್ಲಿಗೆ ಹೋಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಚೀಲದಿಂದ ಕಾಗದ ತೆಗೆದಳು. 'ಇದನ್ನೂ ನಮ್ಮ ಪಟ್ಟಿಗೆ ಸೇರಿಸ್ತೀನಿ. ಇಲ್ಲೊಂದು ಸಹಿ ಹಾಕಿ.'

ಪರಮಶಿವಯ್ಯ ಕೈ ತೊಳೆದುಕೊಳ್ಳುತ್ತಿದ್ದರು. 'ಇಲ್ಲಮ್ಮ. ಇದು ನಮ್ಮ ಕುದುರೆ. ಇದನ್ನ ನೋಡೋಕೆ ನೀವು ಬರಬೇಕಾಗಿಲ್ಲ.'

ಬಸ್ಸಿನಲ್ಲಿ ಲಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಆಲೂರು ದಾಟಿದ ಮೇಲೆ ಒಂದೇ ಮಾತು ಹೇಳಿದ. 'ಆ ದಳ್ಳಾಳಿ ನಿಂಗೆ ಒಂದ್ಸಲ ಮೋಸ ಮಾಡ್ದ. ನೀನು ಹತ್ತು ವರ್ಷದಿಂದ ಎಲ್ರ ಮುಖದಲ್ಲೂ ಅವನನ್ನೇ ನೋಡ್ತಾ ಕುಂತಿದೀಯ.' ಅವಳ ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು.

ಅದಾದ ಮೇಲೆ ಅವಳೇನು ಪೂರ್ತಿ ಬದಲಾಗಲಿಲ್ಲ. ಮೊದಲ ಬಸ್ಸು ತಪ್ಪಲಿಲ್ಲ. ಆದರೆ ಹೋದಲ್ಲೆಲ್ಲ ಕುದುರೆಗೆ ಏನು ಕೊಡಬಾರದು ಎಂದು ಕೂತು ಹೇಳತೊಡಗಿದಳು. ಎರಡು ವರ್ಷದಲ್ಲಿ ಒಮ್ಮೆಯೂ ಡೂಕಪ್ಪನ ಮನೆಯವರಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ ಎಂಬುದು ಅವಳಿಗೆ ತಡವಾಗಿ ಹೊಳೆದಿತ್ತು. ತಪ್ಪು ಹುಡುಕಲು ಹೋದವಳಿಗೆ ತಪ್ಪಾಗದಂತೆ ಕಲಿಸಲು ನೆನಪಾಗಿರಲಿಲ್ಲ.

ಒಂದೂವರೆ ವರ್ಷದ ನಂತರ ಪಾಳ್ಯದ ಅಂಗಡಿಗೆ ಫೋನ್ ಬಂತು. ಮೇಷ್ಟರ ದನಿ. 'ಮೇವು ಮುಟ್ಟುತ್ತಿಲ್ಲ. ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡಿಕೊಳ್ಳುತ್ತಿದೆ. ನಿಮ್ಮನ್ನು ಕರೆಯೋಕೆ ನಂಗೆ ಇಷ್ಟವಿಲ್ಲ. ಆದರೂ ಬನ್ನಿ.' ದ್ರಾಕ್ಷಾಯಣಿ ಆಲೂರಿನಿಂದ ಆಟೋ ಮಾಡಿಕೊಂಡು ಹೋದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು ಹೋದ ಮೇಲೆ ಮೇಷ್ಟರೂ ಅವಳೂ ಸರದಿಯ ಮೇಲೆ ಕುದುರೆಯನ್ನು ಅಂಗಳದಲ್ಲಿ ನಡೆಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಲದ್ದಿ ಹಾಕಿತು, ಗಂಡಾಂತರ ಕಳೆಯಿತು. ಬಸಮ್ಮ ಅಕ್ಕಿ ರೊಟ್ಟಿ ತಂದಿಟ್ಟರು. ಅವಳು ತಿಂದಳು.

'ಇದಕ್ಕೆ ಒಂಟಿ ಆಗದು' ಎಂದರು ಮೇಷ್ಟರು. 'ನಿಮ್ಮ ಹತ್ತಿರ ಇನ್ನೊಂದು ಇದ್ದರೆ…'

ಯೋಚಿಸುತ್ತೇನೆ ಎಂದಳು. ನಾಲ್ಕು ತಿಂಗಳು ಯೋಚಿಸಿದಳು. ನಡುವೆ ಎರಡು ಸಲ ಲಕ್ಕಪ್ಪನನ್ನು ಕಳಿಸಿ, ಹಲಸಿನ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿ ಊರಿಗೆ ಹಂಚುತ್ತಾರೆಂದು ಖಾತ್ರಿ ಮಾಡಿಕೊಂಡಳು. ಕೊನೆಗೆ ಒಂದು ಬಿಳಿಯ ಹೆಣ್ಣು ಕುದುರೆಯನ್ನು ತಾನೇ ನಡೆಸಿಕೊಂಡು ಹೋಗಿ ಆ ಕೊಟ್ಟಿಗೆಯಲ್ಲಿ ಕಟ್ಟಿದಳು.

ಕಾಗದಕ್ಕೆ ಈಗ ಐದನೆಯ ಸಾಲೊಂದು ಸೇರಿತ್ತು. ಪರಮಶಿವಯ್ಯ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. 'ಕುದುರೆ ಸತ್ತಲ್ಲಿ ಕೂಡಲೇ ತಿಳಿಸತಕ್ಕದ್ದು. ಕಾರಣ ಕೇಳಲಾಗುವುದಿಲ್ಲ.' ತಲೆಯೆತ್ತಿ ಅವಳನ್ನು ನೋಡಿದರು. 'ನಿಜವಾಗಿಯೂ ಕೇಳಲ್ವಾ?'

ದ್ರಾಕ್ಷಾಯಣಿ ಸುಳ್ಳು ಹೇಳಲಿಲ್ಲ. 'ಕೇಳ್ತೀನಿ ಮೇಷ್ಟ್ರೇ. ಆದ್ರೆ ಅಗೆಸಲ್ಲ.'

ಮೇಷ್ಟರು ಪೆನ್ನು ತೆಗೆದು ಸಹಿ ಹಾಕಿದರು.